ಅಧ್ಯಕ್ಷರ ಸಹಿ, ಕಾಯ್ದೆಯ ಬೇಲಿ: ಬಂದೂಕು ಕಾನೂನಿನ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದ್ದು. ಬಂದೂಕಿನ ಬಗ್ಗೆ ಅಮೆರಿಕದ ಅಧ್ಯಕ್ಷರೋ ಗವರ್ನರೋ ಹೊರಡಿಸುವ ಆದೇಶಕ್ಕೆ ಶಾಸನಸಭೆ ಎಲ್ಲಿ, ಹೇಗೆ ಕಡಿವಾಣ ಹಾಕುತ್ತದೆ ಎಂದು ಅಲ್ಲಿ ನೆಲೆಸಿದ ಕನ್ನಡಿಗರೂ ಇಲ್ಲಿನ ಕೆಲವರೂ ಕೇಳಿದ್ದಾರೆ. ಕೊಡಗಿನಿಂದ ಒಂದು, ಸಕಲೇಶಪುರದಿಂದ ಒಂದು ಪತ್ರ ನಮ್ಮ ಊರಿನ ಕೋವಿಯ ಬಗ್ಗೆಯೇ ಬಂದಿವೆ. ಅವನ್ನು ಕೊನೆಗೆ ಇಟ್ಟುಕೊಂಡಿದ್ದೇವೆ.

ಪ್ರಶ್ನೆ: ಇಂಥ ಬಂದೂಕನ್ನು ಯಾರೂ ಇಟ್ಟುಕೊಳ್ಳಬಾರದು ಎಂದು ಅಮೆರಿಕದ ಅಧ್ಯಕ್ಷರು ಸಹಿ ಹಾಕಿದರೆ ಮರುದಿನವೇ ಅದು ಕಾನೂನಾಗುತ್ತದೆಯೇ? ನಮ್ಮ ಸುಗ್ರೀವಾಜ್ಞೆಯ ಹಾಗೆಯೇ ಇದೂ? (ಕಾನೂನು ವಿದ್ಯಾರ್ಥಿನಿ, ಧಾರವಾಡ)

ಸುಗ್ರೀವಾಜ್ಞೆಗೆ ಹೋಲಿಸಬೇಡಿ, ಅಲ್ಲಿಂದಲೇ ಗೊಂದಲ ಶುರುವಾಗುತ್ತದೆ. ನಮ್ಮ ಸಂವಿಧಾನದ 123ನೇ ವಿಧಿಯಂತೆ ಹೊರಟ ಸುಗ್ರೀವಾಜ್ಞೆಗೆ ಕಾಯ್ದೆಯಷ್ಟೇ ಬಲವಿದೆ. ಸಂಸತ್ತು ಮತ್ತೆ ಸೇರಿದ ಆರು ವಾರದೊಳಗೆ ಒಪ್ಪಿಗೆ ಸಿಗದಿದ್ದರೆ ಅದು ಬಿದ್ದುಹೋಗುತ್ತದೆ, ಆದರೆ ಅಲ್ಲಿಯವರೆಗೆ ಅದು ಕಾನೂನೇ. ಅಮೆರಿಕದ ಅಧ್ಯಕ್ಷರಿಗೆ ಇಂಥ ಅಧಿಕಾರ ಇಲ್ಲ. ಅವರ ಆದೇಶ ಇರುವುದು ಅವರ ಕೈಕೆಳಗಿನ ಅಧಿಕಾರಿಗಳಿಗೆ. ಮನೆಯಲ್ಲಿ ಬಂದೂಕು ಇಟ್ಟುಕೊಂಡ ನಾಗರಿಕನನ್ನು ಅದು ನೇರವಾಗಿ ಮುಟ್ಟಬೇಕಾದರೆ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಮಾಡಿದ ಯಾವುದೋ ಕಾಯ್ದೆಯ ಯಾವುದೋ ಸೆಕ್ಷನ್ ಅದರ ಬೆನ್ನಿಗೆ ಇರಲೇಬೇಕು.

ಇದನ್ನು ಗಟ್ಟಿಮಾಡಿದ್ದು ಬಂದೂಕಿನ ಪ್ರಕರಣವಲ್ಲ, ಉಕ್ಕಿನದು. ಕೊರಿಯಾ ಯುದ್ಧದ ಹೊತ್ತಿನಲ್ಲಿ, 1952ರ ಏಪ್ರಿಲ್‌ನಲ್ಲಿ, ಕಾರ್ಮಿಕರ ಮುಷ್ಕರ ತಪ್ಪಿಸಲು ಅಧ್ಯಕ್ಷ ಟ್ರೂಮನ್ ಉಕ್ಕಿನ ಕಾರ್ಖಾನೆಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡರು. ಜೂನ್ 2ರಂದು ಸುಪ್ರೀಂ ಕೋರ್ಟ್ 6–3ರಿಂದ ಆ ಆದೇಶವನ್ನು ರದ್ದುಮಾಡಿತು. ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಜಾಕ್ಸನ್ ಪ್ರತ್ಯೇಕವಾಗಿ ಬರೆದ ಮೂರು ಮೆಟ್ಟಿಲು ಇವತ್ತಿಗೂ ಅಳತೆಗೋಲು. ಕಾಂಗ್ರೆಸ್ ಅಧಿಕಾರ ಕೊಟ್ಟಿದ್ದರೆ ಅಧ್ಯಕ್ಷರ ಬಲ ಅತಿ ಹೆಚ್ಚು. ಕಾಂಗ್ರೆಸ್ ಏನೂ ಹೇಳದಿದ್ದರೆ ಮಬ್ಬು. ಕಾಂಗ್ರೆಸ್ ಬೇಡವೆಂದ ಮೇಲೂ ಅವರು ಕೈಹಾಕಿದರೆ ಬಲ ಅತಿ ಕಡಿಮೆ.

ಬಂದೂಕಿನ ವಿಷಯದಲ್ಲಿ ಆಧಾರ ಕಾಯ್ದೆಗಳು ಮುಖ್ಯವಾಗಿ ಎರಡು. ಮೆಷಿನ್ ಗನ್, ಸೈಲೆನ್ಸರ್‌ಗಳಂಥವನ್ನು ನೋಂದಣಿಗೆ ಒಳಪಡಿಸುವ 1934ರದು ಒಂದು, ಮಾರಾಟ ಮತ್ತು ಸ್ವಾಧೀನದ ಮೇಲಿನ 1968ರದು ಇನ್ನೊಂದು. ಆದೇಶ ಹೊರಟ ಮೇಲೆ ನ್ಯಾಯ ಇಲಾಖೆಯ ಮುಖ್ಯಸ್ಥರಾದ ಅಟಾರ್ನಿ ಜನರಲ್ ಅದನ್ನು ಬಂದೂಕು ಕಾಯ್ದೆಗಳನ್ನು ಜಾರಿಗೊಳಿಸುವ ಎಟಿಎಫ್ ಎಂಬ ಬ್ಯೂರೋಗೆ ದಾಟಿಸುತ್ತಾರೆ. ಬ್ಯೂರೋ ಕರಡು ನಿಯಮ ಬರೆದು ಫೆಡರಲ್ ರಿಜಿಸ್ಟರ್‌ನಲ್ಲಿ, ಅಂದರೆ ಅಲ್ಲಿನ ರಾಜ್ಯಪತ್ರದಲ್ಲಿ, ಪ್ರಕಟಿಸುತ್ತದೆ. 1968ರ ಕಾಯ್ದೆಯ ಅಡಿಯ ನಿಯಮವಾದರೆ ಕನಿಷ್ಠ 90 ದಿನ ಜನರ ಅಭಿಪ್ರಾಯಕ್ಕೆ ಬಿಡಬೇಕು. ಈ 90 ದಿನದ ಷರತ್ತು ಬಂದದ್ದು 1986ರ ತಿದ್ದುಪಡಿಯಿಂದ. ಅದೇ ತಿದ್ದುಪಡಿ ನಿಯಮ ಮಾಡುವ ಅಧಿಕಾರ ಕೊಡುವ 926ನೇ ಸೆಕ್ಷನ್ನಿಗೆ ಇನ್ನೊಂದು ಬಿಗಿ ಹಾಕಿತು. ಮೊದಲು ತನಗೆ ಅಗತ್ಯ ಎನಿಸಿದ ನಿಯಮ ಮಾಡಬಹುದು ಎಂದಿದ್ದದ್ದು, ಅಗತ್ಯವಾದ ನಿಯಮ ಮಾತ್ರ ಮಾಡಬಹುದು ಎಂದಾಯಿತು. ಅಧಿಕಾರಿಗೆ ಅನಿಸಿದ್ದಕ್ಕೂ ನಿಜವಾಗಿ ಬೇಕಾದದ್ದಕ್ಕೂ ಇರುವ ಅಂತರದ ಮೇಲೆಯೇ ಎಷ್ಟೋ ವ್ಯಾಜ್ಯಗಳು ನಿಂತಿವೆ.

ಅಭಿಪ್ರಾಯ ಕಳಿಸಲು ಅಲ್ಲಿನ ಪೌರತ್ವ ಬೇಕಿಲ್ಲ. ಸರ್ಕಾರದ ನಿಯಮಾವಳಿ ಜಾಲತಾಣದಲ್ಲಿ ಆ ಕರಡಿನ ಡಾಕೆಟ್ (ಕಡತ) ಸಂಖ್ಯೆ ಹುಡುಕಿ ಬರೆದರಾಯಿತು. ‘ನನಗೆ ಇಷ್ಟವಿಲ್ಲ’ ಎಂಬ ಸಾಲಿಗೆ ತೂಕ ಕಡಿಮೆ. ಯಾವ ಸೆಕ್ಷನ್ನಿನ ಯಾವ ಪದ ಈ ನಿಯಮಕ್ಕೆ ಎಡೆಕೊಡುವುದಿಲ್ಲ ಎಂದು ಬರೆದರೆ ಅಂತಿಮ ನಿಯಮದಲ್ಲಿ ಅವರು ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ಕೊಡದಿದ್ದರೆ ಕೋರ್ಟಿನಲ್ಲಿ ಅದೇ ಲೋಪವಾಗುತ್ತದೆ. 2015ರ ಫೆಬ್ರವರಿಯಲ್ಲಿ ಎಂ855 ಎಂಬ ಹಸಿರು ತುದಿಯ ರೈಫಲ್ ಗುಂಡನ್ನು ನಿಷೇಧಿಸುವ ಪ್ರಸ್ತಾಪಕ್ಕೆ 80,000ಕ್ಕೂ ಹೆಚ್ಚು ಅಭಿಪ್ರಾಯಗಳು ಬಂದವು. ಮಾರ್ಚ್ 10ರಂದು ಬ್ಯೂರೋ ಅದನ್ನು ಕೈಬಿಟ್ಟಿತು.

ಪ್ರಶ್ನೆ: ಗುಂಡು ಬೇಗ ಬೇಗ ಹಾರಿಸಲು ರೈಫಲ್‌ಗೆ ಹಾಕುವ ಬಂಪ್ ಸ್ಟಾಕ್ ಎಂಬ ಹಿಡಿಯ ನಿಷೇಧವನ್ನು ತಂದದ್ದು ಬಂದೂಕಿನ ಪರವಾಗಿದ್ದ ಅಧ್ಯಕ್ಷರೇ. ಅದನ್ನು ತೆಗೆದದ್ದು ಸುಪ್ರೀಂ ಕೋರ್ಟ್. ಅಮೆರಿಕದ ಸಂವಿಧಾನದ ಎರಡನೇ ತಿದ್ದುಪಡಿ ಕೊಡುವ ಬಂದೂಕಿನ ಹಕ್ಕಿಗೆ ಧಕ್ಕೆ ಎಂದು ತೆಗೆದರೇ? ಈಗ ಟೆಕ್ಸಸ್‌ನಲ್ಲಿ ಇಟ್ಟುಕೊಳ್ಳಬಹುದೇ? (ಗ್ರೀನ್ ಕಾರ್ಡ್ ಇರುವ ಓದುಗರು, ಆಸ್ಟಿನ್)

ಎರಡನೇ ತಿದ್ದುಪಡಿಯ ಮಾತೇ ಆ ತೀರ್ಪಿನ ತಳಹದಿಯಲ್ಲ. ಇಡೀ ಪ್ರಕರಣ ನಿಂತದ್ದು ಟ್ರಿಗರ್ ಹೇಗೆ ಕೆಲಸ ಮಾಡುತ್ತದೆ ಎಂಬುದರ ಮೇಲೆ. ಅದಕ್ಕೇ ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

2017ರ ಅಕ್ಟೋಬರ್ 1ರಂದು ಲಾಸ್ ವೇಗಸ್‌ನ ಸಂಗೀತೋತ್ಸವದ ಮೇಲೆ ಒಬ್ಬ ಹೋಟೆಲ್ ಕಿಟಕಿಯಿಂದ ಗುಂಡಿನ ಮಳೆಗರೆದ. ಆ ರಾತ್ರಿ 58 ಜನ ಸತ್ತರು, ಮುಂದೆ ಆ ಸಂಖ್ಯೆ 60ಕ್ಕೆ ಏರಿತು. ಅವನ ರೈಫಲ್‌ಗಳಲ್ಲಿ ಬಂಪ್ ಸ್ಟಾಕ್‌ಗಳಿದ್ದವು. ಕಾಂಗ್ರೆಸ್‌ನಲ್ಲಿ ಮಸೂದೆಗಳು ಮಂಡನೆಯಾದವು, ಪಾಸಾಗಲಿಲ್ಲ. 2018ರ ಫೆಬ್ರವರಿ 20ರಂದು ಅಧ್ಯಕ್ಷ ಟ್ರಂಪ್ ಅಟಾರ್ನಿ ಜನರಲ್‌ಗೆ ಲಿಖಿತ ಸೂಚನೆ ಕೊಟ್ಟರು. ಡಿಸೆಂಬರ್‌ನಲ್ಲಿ ಅಂತಿಮ ನಿಯಮ ಬಂತು, 2019ರ ಮಾರ್ಚ್ 26ರಿಂದ ಜಾರಿ. ಇದ್ದವರು ನಾಶಮಾಡಬೇಕು ಇಲ್ಲವೇ ಒಪ್ಪಿಸಬೇಕು, ಉಳಿಸಿಕೊಂಡರೆ 10 ವರ್ಷದವರೆಗೆ ಜೈಲು. ಇದಕ್ಕೂ ಮುಂಚೆ ಇದೇ ಬ್ಯೂರೋ ಹತ್ತಕ್ಕೂ ಹೆಚ್ಚು ಸಲ, ಬಂಪ್ ಸ್ಟಾಕ್ ಮೆಷಿನ್ ಗನ್ ಅಲ್ಲ ಎಂದು ಲಿಖಿತವಾಗಿ ಹೇಳಿತ್ತು. ಅದನ್ನು ನಂಬಿ ಕೊಂಡವನು ಕಾಯ್ದೆಯ ಒಂದಕ್ಷರವೂ ಬದಲಾಗದೆ ಅಪರಾಧಿಯಾಗುವ ಸ್ಥಿತಿ ಬಂತು.

1934ರ ಕಾಯ್ದೆಯಂತೆ, ಟ್ರಿಗರ್‌ನ ಒಂದೇ ಕ್ರಿಯೆಯಿಂದ ತಾನಾಗಿಯೇ ಒಂದಕ್ಕಿಂತ ಹೆಚ್ಚು ಗುಂಡು ಹಾರಿಸುವುದು ಮೆಷಿನ್ ಗನ್. ಈಗ ಅರೆ-ಸ್ವಯಂಚಾಲಿತ ರೈಫಲ್‌ನ ಒಳಗನ್ನು ನೋಡಿ. ಟ್ರಿಗರ್ ಎಳೆದಾಗ ಸುತ್ತಿಗೆ ಬಿಡುಗಡೆಯಾಗಿ ಗುಂಡು ಹಾರುತ್ತದೆ. ಬೋಲ್ಟ್ ಹಿಂದೆ ಬರುವಾಗ ಸುತ್ತಿಗೆಯನ್ನು ಹಿಂದಕ್ಕೆ ತಳ್ಳುತ್ತದೆ, ಒಂದು ಕೊಕ್ಕೆ ಅದನ್ನು ಹಿಡಿದುಕೊಳ್ಳುತ್ತದೆ. ಬೆರಳು ಸಡಿಲಿಸಿ ಟ್ರಿಗರ್ ಮುಂದಕ್ಕೆ ಬರುವ ತನಕ ಮುಂದಿನ ಗುಂಡು ಹಾರದು. ಬಂಪ್ ಸ್ಟಾಕ್ ಹಾಕಿದರೆ ಈ ಒಳಗಿನ ಯಂತ್ರದಲ್ಲಿ ಏನೂ ಬದಲಾಗುವುದಿಲ್ಲ. ಬದಲಾಗುವುದು ಹಿಡಿ ಮಾತ್ರ. ಅದರೊಳಗೆ ರೈಫಲ್ ಹಿಂದೆ-ಮುಂದೆ ಜಾರುತ್ತದೆ, ಬೆರಳು ಒಂದು ಚಾಚಿನ ಮೇಲೆ ಅಲುಗದೆ ನಿಲ್ಲುತ್ತದೆ. ಗುಂಡಿನ ಹಿನ್ನೂಕಿಗೆ ರೈಫಲ್ ಹಿಂದೆ ಜಾರಿದಾಗ ಟ್ರಿಗರ್ ಬೆರಳಿನಿಂದ ಬಿಟ್ಟುಕೊಳ್ಳುತ್ತದೆ. ಇನ್ನೊಂದು ಕೈ ನಳಿಗೆಯ ಕಡೆಯಿಂದ ಮುಂದಕ್ಕೆ ಒತ್ತುತ್ತಲೇ ಇರುವುದರಿಂದ ಟ್ರಿಗರ್ ಮತ್ತೆ ಬೆರಳಿಗೆ ಬಡಿಯುತ್ತದೆ. ವೇಗ ಮೆಷಿನ್ ಗನ್ನಿನ ಹತ್ತಿರ ಹೋಗುತ್ತದೆ, ಆದರೆ ಪ್ರತಿ ಗುಂಡಿಗೂ ಟ್ರಿಗರ್ ಒಂದು ಸಲ ಒತ್ತಿ ಬಿಡಲೇಬೇಕು.

2024ರ ಜೂನ್ 14ರಂದು ಗಾರ್ಲಂಡ್ ವಿರುದ್ಧ ಕಾರ್ಗಿಲ್ ಪ್ರಕರಣದಲ್ಲಿ 6–3ರ ಬಹುಮತ ಹೇಳಿದ್ದು ಇಷ್ಟನ್ನೇ. ಕಾಯ್ದೆಯ ಪದಗಳು ಈ ಸಾಧನಕ್ಕೆ ಹೊಂದುವುದಿಲ್ಲ, ಪದ ಬದಲಿಸುವುದು ಕಾಂಗ್ರೆಸ್‌ನ ಕೆಲಸ. ನ್ಯಾಯಮೂರ್ತಿ ಅಲಿಟೊ, ಕಾಂಗ್ರೆಸ್ ಬಯಸಿದರೆ ತಿದ್ದುಪಡಿ ಮಾಡಬಹುದು ಎಂದು ಪ್ರತ್ಯೇಕವಾಗಿಯೇ ಬರೆದರು. ನಮ್ಮ ಅಭಿಪ್ರಾಯದಲ್ಲಿ ಇಲ್ಲಿ ನಿಜವಾಗಿ ಸೋತದ್ದು ಶಾಸನಸಭೆ. ದೊಡ್ಡ ತಿದ್ದುಪಡಿಯೇನೂ ಬೇಕಿರಲಿಲ್ಲ, ಒಂದೆರಡು ಸಾಲು ಸಾಕಿತ್ತು. ಅಧ್ಯಕ್ಷರು ಹೇಗೂ ಮಾಡಿದರಲ್ಲ ಎಂದು ಸದಸ್ಯರು ಕೈಕಟ್ಟಿ ಕುಳಿತರು, ಆರು ವರ್ಷದ ಮೇಲೆ ಅದೂ ಇಲ್ಲವಾಯಿತು.

ಹಾಗೆಂದು ಎಟಿಎಫ್ ನಿಯಮಗಳೆಲ್ಲ ಬೀಳುತ್ತವೆ ಎಂದುಕೊಳ್ಳಬೇಡಿ. ಬಿಡಿ ಭಾಗಗಳ ಪೊಟ್ಟಣ ತರಿಸಿ ಮನೆಯಲ್ಲಿ ಜೋಡಿಸುವ, ನಂಬರ್ ಇಲ್ಲದ ‘ಗೋಸ್ಟ್ ಗನ್’ಗಳ ಮೇಲಿನ 2022ರ ನಿಯಮವನ್ನು ಅದೇ ಕೋರ್ಟ್ 2025ರ ಮಾರ್ಚ್ 26ರಂದು 7–2ರಿಂದ ಎತ್ತಿಹಿಡಿಯಿತು. ಕಾರಣ ಸರಳ. ಸುಲಭವಾಗಿ ಬಂದೂಕಾಗಿ ಮಾರ್ಪಡಿಸಬಲ್ಲದ್ದೂ ಬಂದೂಕೇ ಎಂದು 1968ರ ಕಾಯ್ದೆಯಲ್ಲೇ ಬರೆದಿದೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಫೆಡರಲ್ ನಿಯಮ ಬಿದ್ದುಹೋಗಿದೆ, ಟೆಕ್ಸಸ್‌ನಲ್ಲಿ ರಾಜ್ಯದ ನಿಷೇಧವಿಲ್ಲ. ಆದರೆ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ, ಫ್ಲೋರಿಡಾ ಮೊದಲಾದ ರಾಜ್ಯಗಳಲ್ಲಿ ಅಲ್ಲಿನ ಶಾಸನಸಭೆಗಳೇ ಕಾಯ್ದೆ ಮಾಡಿವೆ. ಅವುಗಳಿಗೆ ಈ ತೀರ್ಪು ತಗಲುವುದಿಲ್ಲ. ಕಾರಿನ ಡಿಕ್ಕಿಯಲ್ಲಿ ಮರೆತು ಗಡಿ ದಾಟಿದರೂ ಅಪರಾಧವೇ.

ಪ್ರಶ್ನೆ: ಅಧ್ಯಕ್ಷರ ಆದೇಶ ಇಷ್ಟವಾಗದಿದ್ದರೆ ಕಾಂಗ್ರೆಸ್ ಅದನ್ನು ನೇರವಾಗಿ ರದ್ದುಮಾಡಬಾರದೇಕೆ? (ಎಡಿಸನ್, ನ್ಯೂಜೆರ್ಸಿ)

ಮಾಡಬಹುದು, ಆದರೆ ರದ್ದತಿಯ ಮಸೂದೆಗೂ ಅದೇ ಅಧ್ಯಕ್ಷರ ಸಹಿ ಬೇಕು. ವೀಟೋ ಮಾಡಿದರೆ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು. ಸದನವೊಂದೇ ತಡೆಯಬಹುದಾದ ಅಡ್ಡದಾರಿಯನ್ನು 1983ರ ಛಡ್ಡಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮುಚ್ಚಿಬಿಟ್ಟಿತು.

ಉಳಿದಿರುವ ವೇಗದ ದಾರಿ 1996ರ ಕಾಂಗ್ರೆಷನಲ್ ರಿವ್ಯೂ ಕಾಯ್ದೆ. ಇದು ಆದೇಶಕ್ಕೆ ಅನ್ವಯಿಸುವುದಿಲ್ಲ, ಆದೇಶದಿಂದ ಹುಟ್ಟಿದ ಇಲಾಖೆಯ ನಿಯಮಕ್ಕೆ ಅನ್ವಯಿಸುತ್ತದೆ. ನಿಯಮ ಕಾಂಗ್ರೆಸ್ ಮುಂದೆ ಬಂದ ಮೇಲೆ ಸುಮಾರು 60 ದಿನದ ಕಿಟಕಿ ತೆರೆಯುತ್ತದೆ. ಸೆನೆಟ್‌ನಲ್ಲಿ ಫಿಲಿಬಸ್ಟರ್, ಅಂದರೆ ಚರ್ಚೆ ಎಳೆದು ಮತದಾನ ತಡೆಯುವ ತಂತ್ರ, ನಡೆಯದು, ಸರಳ ಬಹುಮತ ಸಾಕು. ಒಮ್ಮೆ ತಿರಸ್ಕೃತವಾದರೆ ಹೆಚ್ಚುಕಡಿಮೆ ಅದೇ ರೂಪದ ನಿಯಮವನ್ನು ಕಾಂಗ್ರೆಸ್‌ನ ಹೊಸ ಅನುಮತಿ ಇಲ್ಲದೆ ಮತ್ತೆ ತರುವಂತಿಲ್ಲ.

ಗೆದ್ದ ಉದಾಹರಣೆ 2017ರದು. ಮಾನಸಿಕ ಕಾರಣದಿಂದ ಅಂಗವಿಕಲ ಭತ್ಯೆ ಪಡೆಯುತ್ತ, ಹಣದ ವ್ಯವಹಾರಕ್ಕೆ ಪ್ರತಿನಿಧಿಯನ್ನು ಹೊಂದಿರುವವರ ಹೆಸರನ್ನು ಬಂದೂಕು ಖರೀದಿಯ ಹಿನ್ನೆಲೆ ತಪಾಸಣೆಯ ಪಟ್ಟಿಗೆ ಕಳಿಸಬೇಕೆಂದು ಒಬಾಮಾ ಆಡಳಿತದ ಕೊನೆಯಲ್ಲಿ ನಿಯಮವಾಗಿತ್ತು. ವರ್ಷಕ್ಕೆ ಸುಮಾರು 75,000 ಜನ ಇದರೊಳಗೆ ಬರುತ್ತಿದ್ದರು. ಬ್ಯಾಂಕ್ ಲೆಕ್ಕ ನೋಡಿಕೊಳ್ಳಲಾಗದವನು ಅಪಾಯಕಾರಿ ಎಂದು ಹೇಗೆ ಹೇಳುತ್ತೀರಿ ಎಂದು ಅಂಗವಿಕಲರ ಹಕ್ಕಿನ ಸಂಘಟನೆಗಳೂ ವಿರೋಧಿಸಿದವು. ಕೆಳಮನೆಯಲ್ಲಿ 235–180, ಸೆನೆಟ್‌ನಲ್ಲಿ 57–43. ಫೆಬ್ರವರಿ 28ರಂದು ಹೊಸ ಅಧ್ಯಕ್ಷರ ಸಹಿ ಬಿತ್ತು.

ಸೋತ ಉದಾಹರಣೆ 2023ರದು. ಪಿಸ್ತೂಲಿಗೆ ತೋಳಿನ ಆಸರೆ ಹಾಕಿದರೆ ಅದು ನೋಂದಣಿ ಬೇಕಾದ ಗಿಡ್ಡ ನಳಿಗೆಯ ರೈಫಲ್ ಆಗಬಹುದು ಎಂಬ ನಿಯಮದ ವಿರುದ್ಧ ಕೆಳಮನೆ 219–210ರಿಂದ ನಿರ್ಣಯ ಪಾಸುಮಾಡಿತು. ಸೆನೆಟ್‌ನಲ್ಲಿ 49–50ರಿಂದ ಬಿತ್ತು. ಗೆದ್ದಿದ್ದರೂ ವೀಟೋ ಕಾದಿತ್ತು. ನಿಯಮ ಮಾಡಿದ ಅಧ್ಯಕ್ಷರೇ ಕುರ್ಚಿಯಲ್ಲಿದ್ದಾಗ ಈ ಕಾಯ್ದೆ ಹೆಚ್ಚು ಕೆಲಸಕ್ಕೆ ಬಾರದು, ಆಡಳಿತ ಕೈಬದಲಾದ ಮೇಲಿನ ಮೊದಲ ಕೆಲವು ತಿಂಗಳಲ್ಲಿ ಮಾತ್ರ ಇದರ ಹಲ್ಲು ಹರಿತ. ಕೊನೆಗೆ ಆ ನಿಯಮವನ್ನು 2024ರ ಜೂನ್‌ನಲ್ಲಿ ರದ್ದುಮಾಡಿದ್ದು ಟೆಕ್ಸಸ್‌ನ ಫೆಡರಲ್ ಜಿಲ್ಲಾ ನ್ಯಾಯಾಲಯ.

ಪ್ರಶ್ನೆ: ಬಜೆಟ್‌ನಲ್ಲಿ ಒಂದು ಸಾಲು ಸೇರಿಸಿ ಬಂದೂಕು ಇಲಾಖೆಯ ಕೈಕಟ್ಟುತ್ತಾರೆ ಎಂದು ಓದಿದೆ. ಅದು ಹೇಗೆ? (ಬೆಂಗಳೂರು)

ಸದ್ದಿಲ್ಲದೆ ಅತಿ ಹೆಚ್ಚು ಕೆಲಸ ಮಾಡುವ ಬೇಲಿ ಇದೇ. ವಾರ್ಷಿಕ ವೆಚ್ಚದ ಮಸೂದೆಯಲ್ಲಿ, ಈ ಹಣದಲ್ಲಿ ಒಂದು ಪೈಸೆಯನ್ನೂ ಇಂಥ ಕೆಲಸಕ್ಕೆ ಬಳಸಬಾರದು ಎಂದು ಒಂದು ಷರತ್ತು ಸೇರಿಸುತ್ತಾರೆ. ವೆಚ್ಚದ ಮಸೂದೆಯನ್ನು ವೀಟೋ ಮಾಡಿದರೆ ಸರ್ಕಾರವೇ ನಿಲ್ಲುತ್ತದೆ. ಆದ್ದರಿಂದ ಅಧ್ಯಕ್ಷರು ಸಹಿ ಹಾಕುತ್ತಾರೆ.

ಬಂದೂಕು ಮಾಲೀಕರ ದಾಖಲೆಯನ್ನೇ ತೆಗೆದುಕೊಳ್ಳಿ. ಫೆಡರಲ್ ನೋಂದಣಿ ಪಟ್ಟಿ ಮಾಡುವ ನಿಯಮವನ್ನೇ ತರಕೂಡದು ಎಂದು 1986ರ ತಿದ್ದುಪಡಿ ಹೇಳಿದೆ. ಅದಕ್ಕೂ ಮುಂಚಿನಿಂದ, 1970ರ ದಶಕದ ಕೊನೆಯಿಂದಲೇ, ವ್ಯಾಪಾರಿಗಳ ದಾಖಲೆಗಳನ್ನು ಒಂದೆಡೆ ಕ್ರೋಡೀಕರಿಸಲು ಹಣ ಕೊಡುವುದಿಲ್ಲ ಎಂಬ ಷರತ್ತಿದೆ. ಇದರ ಫಲವನ್ನು ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್‌ನಲ್ಲಿರುವ ಪತ್ತೆ ಕೇಂದ್ರದಲ್ಲಿ ಕಣ್ಣಾರೆ ಕಾಣಬಹುದು. ಬಾಗಿಲು ಮುಚ್ಚಿದ ಅಂಗಡಿಗಳು ತಮ್ಮ ಮಾರಾಟದ ನಮೂನೆಗಳನ್ನು, ಅಂದರೆ 4473 ಎಂಬ ಫಾರಂಗಳನ್ನು, ಅಲ್ಲಿಗೆ ಕಳಿಸಬೇಕು. ಅವನ್ನು ಚಿತ್ರವಾಗಿ ಸ್ಕ್ಯಾನ್ ಮಾಡಿ ಇಡುತ್ತಾರೆ, ಖರೀದಿದಾರನ ಹೆಸರಿನಿಂದ ಹುಡುಕುವಂತಿಲ್ಲ. ಕೊಲೆಯಲ್ಲಿ ಸಿಕ್ಕ ಬಂದೂಕಿನ ಮಾಲೀಕ ಯಾರು ಎಂದು ತಿಳಿಯಲು ನಂಬರ್ ಹಿಡಿದು ಮೊದಲು ತಯಾರಕರಿಗೆ, ಅಲ್ಲಿಂದ ಸಗಟು ವ್ಯಾಪಾರಿಗೆ, ಅಲ್ಲಿಂದ ಅಂಗಡಿಗೆ ಹೋಗಬೇಕು. ಅಂಗಡಿ ಮುಚ್ಚಿದ್ದರೆ ಚಿತ್ರಗಳನ್ನು ಒಂದೊಂದಾಗಿ ಕಣ್ಣಲ್ಲಿ ನೋಡಬೇಕು. ಹಿನ್ನೆಲೆ ತಪಾಸಣೆಯಲ್ಲಿ ಪಾಸಾದವರ ಗುರುತಿನ ವಿವರವನ್ನು 24 ಗಂಟೆಯೊಳಗೆ ಅಳಿಸಬೇಕೆಂಬುದೂ ಇಂಥ ಷರತ್ತೇ.

ಇನ್ನೊಂದು ಷರತ್ತಿನ ಕಥೆ ಕಾನೂನು ಓದುವವರಿಗೆ ಪಾಠದಂತಿದೆ. ಶಿಕ್ಷೆಯಿಂದ ಬಂದೂಕಿನ ಹಕ್ಕು ಕಳೆದುಕೊಂಡವನು ಇನ್ನು ಅಪಾಯಕಾರಿಯಲ್ಲ ಎಂದು ತೋರಿಸಿ ಹಕ್ಕು ಮರಳಿ ಪಡೆಯಲು 1968ರ ಕಾಯ್ದೆಯ 925(ಸಿ) ಸೆಕ್ಷನ್ ದಾರಿ ಕೊಡುತ್ತದೆ. 1992ರಿಂದ ಎಟಿಎಫ್‌ಗೆ ವ್ಯಕ್ತಿಗಳ ಇಂಥ ಅರ್ಜಿ ನೋಡಲು ಕಾಂಗ್ರೆಸ್ ಹಣ ನಿಲ್ಲಿಸಿತು. ಸೆಕ್ಷನ್ ಪುಸ್ತಕದಲ್ಲಿ ಉಳಿಯಿತು, ಅರ್ಜಿ ನೋಡುವವರು ಇಲ್ಲವಾದರು. ಅರ್ಜಿ ನೋಡದಿರುವುದನ್ನೇ ತಿರಸ್ಕಾರ ಎಂದುಕೊಂಡು ಕೋರ್ಟಿಗೆ ಹೋಗುವಂತಿಲ್ಲ ಎಂದು 2002ರಲ್ಲಿ ಬೀನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸರ್ವಾನುಮತದಿಂದ ಹೇಳಿತು. 2025ರ ಫೆಬ್ರವರಿ 7ರಂದು ಅಧ್ಯಕ್ಷ ಟ್ರಂಪ್ ಬಂದೂಕಿನ ಹಕ್ಕಿನ ಬಗ್ಗೆ 14206ನೇ ಆದೇಶ ಹೊರಡಿಸಿದರು. ಮಾರ್ಚ್ 20ರಂದು ನ್ಯಾಯ ಇಲಾಖೆ ಆ ಅಧಿಕಾರವನ್ನು ಎಟಿಎಫ್‌ನಿಂದ ಹಿಂದಕ್ಕೆ ತೆಗೆದುಕೊಂಡು ಅಟಾರ್ನಿ ಜನರಲ್ ಕೈಯಲ್ಲೇ ಇಟ್ಟುಕೊಂಡಿತು. ಷರತ್ತು ಕಟ್ಟಿಹಾಕಿದ್ದು ಎಟಿಎಫ್‌ನ ಹಣವನ್ನು, ಕಾಯ್ದೆ ಅಧಿಕಾರ ಕೊಟ್ಟಿದ್ದು ಅಟಾರ್ನಿ ಜನರಲ್‌ಗೆ ಎಂಬುದು ಅವರ ವಾದ. ಕಾಂಗ್ರೆಸ್ 33 ವರ್ಷ ಪ್ರತಿ ಸಲವೂ ಅದೇ ಸಾಲನ್ನು ನಕಲು ಮಾಡುತ್ತ ಬಂತು, ಸಂದಿಯನ್ನು ಮುಚ್ಚಲಿಲ್ಲ. ಆ ಹಕ್ಕು ಮರಳಬೇಕೋ ಬೇಡವೋ ಎಂಬುದನ್ನು ಬಹಿರಂಗವಾಗಿ ಚರ್ಚಿಸಿ 925ನೇ ಸೆಕ್ಷನ್ನನ್ನೇ ತಿದ್ದುವುದು ನೇರ ದಾರಿಯಾಗಿತ್ತು.

ಪ್ರಶ್ನೆ: ಚಂಡಮಾರುತ ಬಂದಾಗ ತುರ್ತು ಪರಿಸ್ಥಿತಿ ಘೋಷಿಸಿ ಪೊಲೀಸರು ಮನೆಯ ಬಂದೂಕು ತೆಗೆದುಕೊಂಡು ಹೋಗಬಹುದೇ? (ಹ್ಯೂಸ್ಟನ್)

2005ರಲ್ಲಿ ಹಾಗೇ ಆಯಿತು. ಕತ್ರಿನಾ ಚಂಡಮಾರುತದ ನಂತರ, ಸೆಪ್ಟೆಂಬರ್ 8ರಂದು, ನ್ಯೂ ಆರ್ಲಿಯನ್ಸ್‌ನಲ್ಲಿ ಪೊಲೀಸರ ಬಳಿ ಬಿಟ್ಟು ಯಾರ ಬಳಿಯೂ ಬಂದೂಕು ಇರಕೂಡದು ಎಂದು ಪೊಲೀಸ್ ಮುಖ್ಯಸ್ಥರು ಘೋಷಿಸಿದರು. ನೀರು ನಿಂತ ಮನೆಗಳಲ್ಲಿ ಒಂಟಿಯಾಗಿದ್ದವರಿಂದಲೂ ಕಿತ್ತುಕೊಂಡು ಹೋದರು. ಎಷ್ಟೋ ಕಡೆ ರಸೀದಿ ಕೊಡಲಿಲ್ಲ.

ಕಾಂಗ್ರೆಸ್ ಮರುವರ್ಷವೇ ಉತ್ತರ ಕೊಟ್ಟಿತು. ಸೆನೆಟ್‌ನಲ್ಲಿ 84–16ರಿಂದ ಒಪ್ಪಿದ ತಿದ್ದುಪಡಿ 2006ರ ಅಕ್ಟೋಬರ್‌ನಲ್ಲಿ ವಿಪತ್ತು ಪರಿಹಾರದ ಸ್ಟಾಫರ್ಡ್ ಕಾಯ್ದೆಗೆ ಸೇರಿತು. ವಿಪತ್ತಿನ ಪರಿಹಾರ ಕಾರ್ಯದಲ್ಲಿರುವ ಫೆಡರಲ್ ಅಧಿಕಾರಿಯಾಗಲಿ, ಫೆಡರಲ್ ಹಣ ಪಡೆಯುವ ಸ್ಥಳೀಯ ಪೊಲೀಸರಾಗಲಿ ಕಾನೂನುಬದ್ಧ ಬಂದೂಕನ್ನು ಕಿತ್ತುಕೊಳ್ಳುವಂತಿಲ್ಲ, ಹೊಸದಾಗಿ ನೋಂದಣಿ ಕೇಳುವಂತಿಲ್ಲ, ಬೇರೆ ಕಾನೂನಿನಲ್ಲಿ ಇಲ್ಲದ ನಿಷೇಧ ಹೇರುವಂತಿಲ್ಲ. ಒಂದು ವಿನಾಯಿತಿಯಿದೆ. ರಕ್ಷಣಾ ದೋಣಿ, ಬಸ್ಸು, ಹೆಲಿಕಾಪ್ಟರ್ ಹತ್ತುವ ಮುಂಚೆ ತಾತ್ಕಾಲಿಕವಾಗಿ ಒಪ್ಪಿಸಿ ಎನ್ನಬಹುದು, ಪ್ರಯಾಣ ಮುಗಿದ ಮೇಲೆ ವಾಪಸ್ ಕೊಡಬೇಕು. ಉಲ್ಲಂಘನೆಯಾದರೆ ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡಬಹುದು, ಗೆದ್ದವರಿಗೆ ವಕೀಲರ ಶುಲ್ಕವೂ ಸಿಗುತ್ತದೆ. ನಿಮ್ಮ ರಾಜ್ಯವೂ 2021ರಲ್ಲಿ ಕಾಯ್ದೆ ಮಾಡಿ, ವಿಪತ್ತಿನ ಹೆಸರಿನಲ್ಲಿ ಬಂದೂಕು ಮಾರಾಟಕ್ಕೆ ಮಿತಿ ಹಾಕುವ ಅಧಿಕಾರವನ್ನು ಗವರ್ನರ್‌ರಿಂದ ತೆಗೆದಿದೆ.

ಈಗಲೇ ಮಾಡಿಟ್ಟುಕೊಳ್ಳಬೇಕಾದದ್ದು: ಪ್ರತಿ ಬಂದೂಕಿನ ತಯಾರಕರ ಹೆಸರು, ಮಾದರಿ, ಕ್ರಮಸಂಖ್ಯೆ ಕಾಣುವ ಫೋಟೋ, ಖರೀದಿ ಬಿಲ್ಲು. ಇವನ್ನು ಫೋನಿನ ಹೊರಗೂ ಒಂದೆಡೆ ಇಡಿ. ದೋಣಿ ಹತ್ತುವಾಗ ಒಪ್ಪಿಸಿದರೆ ಪಡೆದವರ ಹೆಸರು, ಇಲಾಖೆ, ಕ್ರಮಸಂಖ್ಯೆ ಇರುವ ಚೀಟಿ ಬರೆಸಿಕೊಳ್ಳಿ. ನ್ಯೂ ಆರ್ಲಿಯನ್ಸ್‌ನವರು ವರ್ಷಗಟ್ಟಲೆ ಅಲೆದದ್ದು ತಮ್ಮ ಬಂದೂಕು ತಮ್ಮದೇ ಎಂದು ತೋರಿಸುವ ಕಾಗದ ಇಲ್ಲದೆ.

ಇದು ಎಲ್ಲ ತುರ್ತು ಆದೇಶಗಳಿಗೂ ಗುರಾಣಿಯಲ್ಲ. ನ್ಯೂ ಮೆಕ್ಸಿಕೋದ ಗವರ್ನರ್ 2023ರ ಸೆಪ್ಟೆಂಬರ್ 8ರಂದು ‘ಸಾರ್ವಜನಿಕ ಆರೋಗ್ಯ’ದ ತುರ್ತು ಅಧಿಕಾರ ಬಳಸಿ ಆಲ್ಬುಕರ್ಕಿ ಸುತ್ತ 30 ದಿನ ಬಂದೂಕು ಹೊತ್ತು ತಿರುಗುವುದನ್ನು ನಿಲ್ಲಿಸಿದರು. ಎರಡು ದಿನ ಮುಂಚೆ 11 ವರ್ಷದ ಬಾಲಕನೊಬ್ಬ ಗುಂಡಿಗೆ ಬಲಿಯಾಗಿದ್ದ, ಆ ನೋವು ನಿಜ. ಅದು ಫೆಡರಲ್ ವಿಪತ್ತಲ್ಲವಾದ್ದರಿಂದ ಸ್ಟಾಫರ್ಡ್ ಕಾಯ್ದೆ ಬರಲಿಲ್ಲ. ಆದೇಶವನ್ನು ಸಮರ್ಥಿಸುವುದಿಲ್ಲ ಎಂದು ರಾಜ್ಯದ ಅಟಾರ್ನಿ ಜನರಲ್ ಅವರೇ ಹೇಳಿದರು. ಸೆಪ್ಟೆಂಬರ್ 13ರಂದು ಫೆಡರಲ್ ನ್ಯಾಯಾಧೀಶರು ಎರಡನೇ ತಿದ್ದುಪಡಿಯ ಆಧಾರದ ಮೇಲೆ ತಡೆಯಾಜ್ಞೆ ಕೊಟ್ಟರು. ಗವರ್ನರ್ ಅದನ್ನು ಉದ್ಯಾನ, ಆಟದ ಮೈದಾನಗಳಿಗೆ ಮಾತ್ರ ಇಳಿಸಿದರು.

ಪ್ರಶ್ನೆ: ಹಾಗಾದರೆ ಎಕೆ ಮಾದರಿ ರೈಫಲ್ ಆಮದನ್ನು ಕಾಯ್ದೆಯಿಲ್ಲದೆ ನಿಲ್ಲಿಸಿದ್ದು ಹೇಗೆ? (ಮೈಸೂರು)

ಕಾಯ್ದೆ ಇತ್ತು. ಕ್ರೀಡೆಗೆ ತಕ್ಕ ಬಂದೂಕನ್ನು ಮಾತ್ರ ಆಮದು ಮಾಡಿಕೊಳ್ಳಬಹುದು ಎಂದು 1968ರ ಕಾಯ್ದೆಯ 925(ಡಿ)(3) ಹೇಳುತ್ತದೆ. ಯಾವುದು ‘ಕ್ರೀಡೆಗೆ ತಕ್ಕದ್ದು’ ಎಂದು ನಿರ್ಧರಿಸುವುದು ಕಾರ್ಯಾಂಗ. ಅದನ್ನೇ ಹಿಡಿದು 1989ರಲ್ಲಿ ಹಿರಿಯ ಬುಷ್ ಆಡಳಿತ 43 ಮಾದರಿಗಳನ್ನು, 1998ರಲ್ಲಿ ಕ್ಲಿಂಟನ್ ಆಡಳಿತ ಇನ್ನೂ 58 ಮಾದರಿಗಳನ್ನು ತಡೆದವು. 2014ರಲ್ಲಿ ರಷ್ಯಾದ ಕಲಾಶ್ನಿಕೋವ್ ಕಂಪನಿಯ ಮಾಲು ನಿಂತದ್ದು ಉಕ್ರೇನ್ ವಿಷಯದ ಆರ್ಥಿಕ ದಿಗ್ಬಂಧನದಿಂದ. ಗಡಿಯಲ್ಲಿ ಅಧ್ಯಕ್ಷರ ಕೈ ಉದ್ದ, ಮನೆಯೊಳಗೆ ಗಿಡ್ಡ.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿದ್ದೇನೆ. 2025ರ ಆದೇಶದ ನಂತರ ನಮಗೂ ಬಂದೂಕು ಕೊಳ್ಳಬಹುದು ಎಂದು ಸ್ನೇಹಿತರು ಹೇಳುತ್ತಾರೆ. (ಸಿಯಾಟಲ್)

ದಯವಿಟ್ಟು ಆ ಮಾತು ನಂಬಬೇಡಿ. ವಲಸೆಯೇತರ ವೀಸಾದವರು ಬಂದೂಕಾಗಲಿ ಗುಂಡಾಗಲಿ ಹೊಂದಿರಬಾರದು ಎನ್ನುವುದು 922(ಜಿ)(5)ರಲ್ಲಿರುವ ಕಾಯ್ದೆಯ ಮಾತು, ಯಾವ ಆದೇಶವೂ ಅದನ್ನು ಅಳಿಸಲಾರದು. ಎಚ್-1ಬಿ, ಎಚ್-4, ಎಫ್-1 ಎಲ್ಲವೂ ಇದರಲ್ಲಿವೆ. ಉಲ್ಲಂಘನೆಗೆ 2022ರಿಂದ 15 ವರ್ಷದವರೆಗೆ ಜೈಲು, ಮೇಲೆ ಗಡೀಪಾರಿನ ಅಪಾಯ. ಶೂಟಿಂಗ್ ರೇಂಜ್‌ನಲ್ಲಿ ಬಾಡಿಗೆಗೆ ಪಡೆದು ಹತ್ತು ನಿಮಿಷ ಹಿಡಿದರೂ ಅದು ಸ್ವಾಧೀನವೇ. ಕಚೇರಿಯ ವಿಹಾರಕೂಟದ ಫೋಟೋಗಳಲ್ಲಿ ನಮ್ಮ ಹುಡುಗರು ರೈಫಲ್ ಹಿಡಿದು ನಿಂತಿರುವುದನ್ನು ನೋಡಿದಾಗಲೆಲ್ಲ ಭಯವಾಗುತ್ತದೆ.

ಕಾಯ್ದೆಯೇ ಇಟ್ಟಿರುವ ಮುಖ್ಯ ವಿನಾಯಿತಿ, ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ. ಅದು ಇರುವಷ್ಟು ದಿನ ಮಾತ್ರ ರಕ್ಷಣೆ, ಮುಗಿದ ದಿನದಿಂದ ಮನೆಯಲ್ಲಿರುವ ಬಂದೂಕೇ ಅಪರಾಧ. ರಾಜ್ಯದ ಕಾನೂನು ಇನ್ನೂ ಬಿಗಿಯಿರಬಹುದು, ವಕೀಲರನ್ನು ಕೇಳದೆ ಮುಂದುವರಿಯಬೇಡಿ. ಗ್ರೀನ್ ಕಾರ್ಡ್ ಬಂದ ಮೇಲೆ ಈ ಅಡ್ಡಿ ಇಲ್ಲ.

ಪ್ರಶ್ನೆ: ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ನಮ್ಮ ವಿನಾಯಿತಿ ಕೇಂದ್ರದ ಅಧಿಸೂಚನೆಯಿಂದ ಬಂದದ್ದು. ಹಾಗೆಯೇ ಒಂದು ಸಹಿಯಿಂದ ಹೋಗಬಹುದೇ? (ಮಡಿಕೇರಿ)

ಹೋಗಬಹುದು. ಇದನ್ನು ಮುಚ್ಚಿಡದೆ ಹೇಳಬೇಕು. 1861ರಲ್ಲಿ ಮಾರ್ಕ್ ಕಬ್ಬನ್ ಕಾಲದಲ್ಲಿ ಬಂದ ವಿನಾಯಿತಿ ಇಂದು ನಿಂತಿರುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಸೆಕ್ಷನ್ನಿನ ಮೇಲೆ. ಸಾರ್ವಜನಿಕ ಹಿತಕ್ಕೆ ಅಗತ್ಯ ಎಂದು ಕಂಡರೆ ಯಾವುದೇ ವರ್ಗಕ್ಕೆ ಷರತ್ತಿನೊಂದಿಗೆ ವಿನಾಯಿತಿ ಕೊಡಲು ಕೇಂದ್ರಕ್ಕೆ ಅಲ್ಲಿ ಅಧಿಕಾರವಿದೆ, ಹಾಗೆ ಕೊಟ್ಟದ್ದನ್ನು ರದ್ದುಮಾಡಲೂ ಅದೇ ಸೆಕ್ಷನ್ನಿನಲ್ಲಿ ಅಧಿಕಾರವಿದೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಇರುವ ಈಗಿನ ಅಧಿಸೂಚನೆ 2019ರ ಅಕ್ಟೋಬರ್‌ನದು, 2029ರ ಅಕ್ಟೋಬರ್ 31ರವರೆಗೆ. ಜನಾಂಗದ ಆಧಾರದ ತಾರತಮ್ಯ ಎಂಬ ಅರ್ಜಿಯನ್ನು ತಳ್ಳಿಹಾಕಿ 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಇದನ್ನು ಎತ್ತಿಹಿಡಿದಿದೆ. ವಿನಾಯಿತಿ ಸೀಮಿತ ಅವಧಿಗೆ, ಷರತ್ತಿನೊಂದಿಗೆ ಇರುವುದೂ ಅಲ್ಲಿ ಲೆಕ್ಕಕ್ಕೆ ಬಂತು.

ಅಂದರೆ ಕೈಲ್‌ಮುಹೂರ್ತದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ ಮನೆಯ ಹಕ್ಕು ಕಾಯ್ದೆಯ ಪಠ್ಯದಲ್ಲಿಲ್ಲ, ಹತ್ತು ವರ್ಷದ ಅಧಿಸೂಚನೆಯಲ್ಲಿದೆ. ಶಾಶ್ವತ ಬೇಕಾದರೆ ಸಂಸತ್ತಿನಲ್ಲಿ ತಿದ್ದುಪಡಿಯೇ ಆಗಬೇಕು. ಅಲ್ಲಿಯ ತನಕ ಡಿ.ಸಿ. ಕಚೇರಿಯಿಂದ ಪಡೆದ ವಿನಾಯಿತಿ ಪತ್ರದಲ್ಲಿನ ಹೆಸರು, ಕೋವಿಯ ನಂಬರ್ ಸರಿಯಿದೆಯೇ ನೋಡಿಕೊಳ್ಳಿ. ತಂದೆಯವರು ತೀರಿಕೊಂಡ ಮೇಲೂ ಪತ್ರ ಅವರ ಹೆಸರಿನಲ್ಲೇ ಉಳಿದಿದ್ದರೆ ಮೊದಲು ಅದನ್ನು ಸರಿಪಡಿಸಿ.

ಪ್ರಶ್ನೆ: ಪ್ರತಿ ಚುನಾವಣೆಗೂ ಲೈಸೆನ್ಸ್ ಬಂದೂಕು ಠಾಣೆಗೆ ಒಪ್ಪಿಸಿ ಎನ್ನುತ್ತಾರೆ. ತೋಟಕ್ಕೆ ಕಾಡುಹಂದಿ ಕಾಟ. ಇದಕ್ಕೆ ಕಾನೂನಿದೆಯೇ? (ಸಕಲೇಶಪುರ)

ಚುನಾವಣೆ ಬಂತೆಂದು ಸಾರಾಸಗಟು ಒಪ್ಪಿಸಿ ಎನ್ನುವ ಸೆಕ್ಷನ್ ಶಸ್ತ್ರಾಸ್ತ್ರ ಕಾಯ್ದೆಯಲ್ಲಿಲ್ಲ. 17ನೇ ಸೆಕ್ಷನ್ ಸಾರ್ವಜನಿಕ ಶಾಂತಿ, ಸುರಕ್ಷತೆಗಾಗಿ ಲೈಸೆನ್ಸ್ ಅಮಾನತಿಗೆ ಅವಕಾಶ ಕೊಡುತ್ತದೆ, ಆದರೆ ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು. 18ನೇ ಸೆಕ್ಷನ್ನಿನಲ್ಲಿ ಮೇಲ್ಮನವಿ ಇದೆ. ಚುನಾವಣಾ ಆಯೋಗದ ಸೂಚನೆಯಲ್ಲೂ ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಒಬ್ಬೊಬ್ಬರ ಲೈಸೆನ್ಸ್ ನೋಡಿ ನಿರ್ಧರಿಸಬೇಕೆಂದಿದೆ. ಜಾಮೀನಿನ ಮೇಲಿರುವವರು, ಅಪರಾಧ ಹಿನ್ನೆಲೆಯವರು, ಗಲಭೆಯಲ್ಲಿ ತೊಡಗಿದವರು ಅವರ ಮೊದಲ ಗಮನ.

ಚುನಾವಣೆ ಘೋಷಣೆಯಾಗುತ್ತಿದ್ದಂತೆ, ಠಾಣೆಯಿಂದ ಫೋನ್ ಬರುವ ಮುಂಚೆಯೇ, ಡಿ.ಸಿ.ಗೆ ಅರ್ಜಿ ಕೊಡಿ. ಲೈಸೆನ್ಸ್ ಪ್ರತಿ, ಯುಐಎನ್ ಎಂಬ ಗುರುತಿನ ಸಂಖ್ಯೆ, ತೋಟದ ಪಹಣಿ, ಬೆಳೆಹಾನಿಗೆ ಅರಣ್ಯ ಇಲಾಖೆಗೆ ಕೊಟ್ಟ ಹಳೆಯ ಅರ್ಜಿಗಳ ಪ್ರತಿ ಲಗತ್ತಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಹಂದಿ ಹೊಡೆಯಲು ಬೇಕು ಎಂದು ಬರೆಯಲೇಬೇಡಿ. ಬಂದೂಕಿನ ಲೈಸೆನ್ಸ್ ವನ್ಯಜೀವಿಯನ್ನು ಕೊಲ್ಲುವ ಪರವಾನಗಿಯಲ್ಲ, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇರೆಯೇ ಬೇಕು. ಬೆಳೆ ಮತ್ತು ಜೀವ ರಕ್ಷಣೆಗೆ ಎಂದು ಬರೆಯಿರಿ.

ಒಪ್ಪಿಸಲೇಬೇಕಾಗಿ ಬಂದರೆ ತೋಟಾ ತೆಗೆದು, ನಳಿಗೆಯ ಒಳಗೂ ಹೊರಗೂ ಎಣ್ಣೆ ಒರೆಸಿ, ಚೀಲದಲ್ಲಿ ಹಾಕಿ ಕೊಡಿ. ಮಲೆನಾಡಿನ ತೇವಕ್ಕೆ ಎರಡು ತಿಂಗಳಲ್ಲಿ ತುಕ್ಕು ಹಿಡಿದು ನಳಿಗೆ ಕೆಡುತ್ತದೆ. ರಸೀದಿಯಲ್ಲಿ ಬಂದೂಕಿನ ನಂಬರ್, ತೋಟಾಗಳ ಎಣಿಕೆ, ನಳಿಗೆ ಮತ್ತು ಹಿಡಿಯ ಸ್ಥಿತಿ, ತಾರೀಖು, ಸಹಿ ಇರಲಿ. ಫಲಿತಾಂಶ ಬಂದು ಒಂದು ವಾರ ಕಳೆದ ಮೇಲೆ ಆ ರಸೀದಿ ಹಿಡಿದು ಹೋಗಿ, ಠಾಣೆಯಲ್ಲೇ ಚೀಲ ಬಿಚ್ಚಿ ನಂಬರ್ ತಾಳೆ ನೋಡಿ, ಆಮೇಲೆ ಪುಸ್ತಕಕ್ಕೆ ಸಹಿ ಹಾಕಿ.